ಕೊರಿಯನ್ನರ ‘ಗುಡ್ ಮಾರ್ನಿಂಗ್’ ಮತ್ತು ನಮ್ಮ ಅನುನಾಸಿಕ ಸಂಧಿ

ಗಂಡನ ಕೆಲಸದ ನಿಮಿತ್ತ ಬೆಂಗಳೂರಿಗೆ ಬಂದು ನೆಲೆಸಿದ್ದ ಒಬ್ಬ ಕೊರಿಯನ್ ಮಹಿಳೆಗೆ ನಾನು ವಾರಕ್ಕೆ ಮೂರು ದಿನ ಇಂಗ್ಲಿಷ್ ಹೇಳಿಕೊಡುತ್ತಿದ್ದೆ. ಒಂದು ದಿನ ಪಾಠ ಮುಗಿದು ಪುಸ್ತಕ ಮಡಚಿಡುವಾಗ ಅವರು ‘ಟೀಚರ್, ಟುಮಾರೊ ಐ ಹ್ಯಾವ್ ಎ ಪ್ರಾಮಿಸ್’ ಎಂದರು. ಮುಖ ಗಂಭೀರವಾಗಿತ್ತು. ಯಾರಿಗೋ ಮಾತು ಕೊಟ್ಟು ಇಕ್ಕಟ್ಟಿಗೆ ಸಿಲುಕಿದ್ದಾರೆ ಎಂದುಕೊಂಡು, ಏನು ಮಾತು, ಯಾರಿಗೆ ಎಂದು ಕೇಳಿದೆ. ಅವರಿಗೆ ನನ್ನ ಪ್ರಶ್ನೆಯ ತಲೆಬುಡ ತಿಳಿಯಲಿಲ್ಲ. ಸಂಗತಿ ಇಷ್ಟೇ: ಮರುದಿನ ಮಧ್ಯಾಹ್ನ ಗೆಳತಿಯೊಬ್ಬರ ಜೊತೆ ಊಟಕ್ಕೆ ಹೋಗಬೇಕಿತ್ತು, ತರಗತಿ ತಪ್ಪುತ್ತಿತ್ತು.

ಕೊರಿಯನ್ನಿನಲ್ಲಿ ‘ಯಾಕ್ಸೊಕ್’ ಎಂಬ ಪದವಿದೆ. ಇಂಥ ಹೊತ್ತಿಗೆ ಇಂಥ ಕಡೆ ಸೇರೋಣ ಎಂದು ಇಬ್ಬರು ಗೊತ್ತು ಮಾಡಿಕೊಂಡರೆ ಅದು ಯಾಕ್ಸೊಕ್. ಕೊಟ್ಟ ಮಾತೂ ಯಾಕ್ಸೊಕ್. ಶಾಲೆಯಲ್ಲಿ ಆ ಪದಕ್ಕೆ ಪ್ರಾಮಿಸ್ ಎಂಬ ಅರ್ಥ ಬಾಯಿಪಾಠವಾಗಿರುತ್ತದೆ, ಹಾಗಾಗಿ ಊಟದ ಭೇಟಿಯೂ ಪ್ರಾಮಿಸ್ ಆಗುತ್ತದೆ. ನಮ್ಮಲ್ಲಿ ‘ಭಾಷೆ’ ಎಂದರೆ ಆಡುವ ನುಡಿಯೂ ಹೌದು, ಕೊಟ್ಟ ವಚನವೂ ಹೌದು. ‘ಭಾಷೆ ಕೊಟ್ಟೆ’ ಎಂಬುದನ್ನು ಪದಕ್ಕೆ ಪದ ಇಟ್ಟು ಇಂಗ್ಲಿಷಿಗೆ ತಿರುಗಿಸಿದರೆ ಕೇಳಿದವರ ಗತಿ ಏನಾದೀತು, ಯೋಚಿಸಿ ನೋಡಿ.

ಇವತ್ತು ನಾನು ಹೇಳಬೇಕೆಂದು ಬಂದಿರುವುದು ಇದನ್ನೇ. ಕೊರಿಯನ್ ಕಲಿಕಾರ್ಥಿಯ ವಾಕ್ಯದಲ್ಲಿ ನಾವು ಕೆಂಪು ಗೆರೆ ಎಳೆಯುವ ಜಾಗಗಳಲ್ಲಿ ಹೆಚ್ಚಿನವು ಕೊರಿಯನ್ ಭಾಷೆ ತನ್ನ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದ ಜಾಗಗಳು. ಆ ನಿಯಮ ಯಾವುದೆಂದು ಗೊತ್ತಿಲ್ಲದ ಮೇಷ್ಟ್ರು ನೂರು ಸಲ ತಿದ್ದಿದರೂ ನೂರಾ ಒಂದನೆಯ ಸಲ ಅದೇ ಬರುತ್ತದೆ. ಆನ್‌ಲೈನಿನಲ್ಲಿ ಕೊರಿಯಾದವರಿಗೆ ಪಾಠ ಹೇಳುವವರು ಇಲ್ಲಿ ಕೆಲವರಿದ್ದೀರಿ. ನಿಮಗೆ ಒಂದು ಅನುಕೂಲವಿದೆ, ಅದು ಇಂಗ್ಲಿಷ್ ಮಾತೃಭಾಷೆಯಾಗಿರುವ ಶಿಕ್ಷಕರಿಗೆ ಸಿಗುವಂಥದ್ದಲ್ಲ. ನೀವು ಕನ್ನಡಿಗರು.

ಅದು ಹೇಗೆ ಅನುಕೂಲವಾಗುತ್ತದೆ ಎಂದು ಪದಗಳಿಂದಲೇ ತೋರಿಸುತ್ತೇನೆ. ಕೊರಿಯನ್ ಹೆಂಗಸು ‘ಅವರ್ ಹಸ್ಬೆಂಡ್’ ಎಂದರೆ ಅಮೆರಿಕದವರು ಗಾಬರಿಯಾಗುತ್ತಾರೆ. ನಮಗೆ ಗಾಬರಿ ಏಕೆ? ‘ನಮ್ಮ ಯಜಮಾನರು’, ‘ನಮ್ಮ ಮನೆಯವರು’ ಎನ್ನುವುದು ನಮ್ಮ ದಿನನಿತ್ಯದ ಮಾತು. ಕೊರಿಯನ್ನಿನ ‘ಉರಿ’ ನಮ್ಮ ‘ನಮ್ಮ’. ಉರಿ ಅಮ್ಮ, ಉರಿ ಮನೆ, ಉರಿ ಗಂಡ. ಅಷ್ಟೇ ಅಲ್ಲ, ಅಲ್ಲಿನ ಗಂಡಸು ಹೆಂಡತಿಯ ವಿಷಯವನ್ನು ಹೊರಗಿನವರ ಮುಂದೆ ಎತ್ತುವಾಗ ‘ಜಿಪ್‌ಸಾರಾಮ್’ ಎನ್ನುವುದುಂಟು. ಜಿಪ್ ಎಂದರೆ ಮನೆ, ಸಾರಾಮ್ ಎಂದರೆ ವ್ಯಕ್ತಿ. ಮನೆಯವರು!

ಇನ್ನು ‘ವೇರ್’ ಎಂಬ ಕ್ರಿಯಾಪದ. ಇಂಗ್ಲಿಷಿನಲ್ಲಿ ಕೋಟು, ಟೋಪಿ, ಕನ್ನಡಕ, ಉಂಗುರ, ಬೂಟು ಎಲ್ಲಕ್ಕೂ ಅದೊಂದೇ. ಕೊರಿಯನ್ನಿನಲ್ಲಿ ಬಟ್ಟೆಗೆ ‘ಇಪ್ತಾ’, ಟೋಪಿ ಕನ್ನಡಕಗಳಿಗೆ ‘ಸ್ಸುದಾ’, ಕಾಲಿಗೆ ಹಾಕುವುದಕ್ಕೆ ‘ಶಿನ್ತಾ’, ಉಂಗುರಕ್ಕೆ ‘ಕ್ಕಿದಾ’. ನನ್ನ ವಿದ್ಯಾರ್ಥಿನಿ ಇದನ್ನು ವಿವರಿಸುವಾಗ, ಇಂಥ ಶ್ರೀಮಂತಿಕೆ ಬೇರೆಲ್ಲೂ ಇರಲಾರದು ಎಂಬ ಹೆಮ್ಮೆ ಮುಖದಲ್ಲಿತ್ತು. ನಾನು ಹೇಳಿದೆ: ಸೀರೆ ಉಡುತ್ತೇವೆ, ರವಿಕೆ ತೊಡುತ್ತೇವೆ, ಹೂ ಮುಡಿಯುತ್ತೇವೆ, ಚಪ್ಪಲಿ ಮೆಟ್ಟುತ್ತೇವೆ. ಅವರು ನಾಲ್ಕನ್ನೂ ಬರೆದುಕೊಂಡರು. ಅಂದಿನಿಂದ ‘ವೇರ್’ ಪದದ ಬಡತನ ನಮ್ಮಿಬ್ಬರ ಗುಟ್ಟಾಯಿತು, ಆ ಪದದಲ್ಲಿ ಅವರು ಮತ್ತೆ ತಡವರಿಸಲಿಲ್ಲ.

ಕೊರಿಯಾದವರೇ ಹುಟ್ಟುಹಾಕಿದ ಇಂಗ್ಲಿಷ್ ಪದಗಳೂ ಇವೆ, ಅದಕ್ಕೆ ಕೊಂಗ್ಲಿಷ್ ಎನ್ನುತ್ತಾರೆ. ಮೊಬೈಲ್ ‘ಹ್ಯಾಂಡ್‌ಫೋನ್’, ವ್ಯಾಯಾಮಶಾಲೆ ‘ಹೆಲ್ತ್’, ಪರೀಕ್ಷೆಯಲ್ಲಿ ಕಾಪಿ ಹೊಡೆಯುವುದು ‘ಕನ್ನಿಂಗ್’. ‘ಸೈಡರ್’ ಕೇಳಿದರೆ ಸೇಬಿನ ಮದ್ಯ ಬರುವುದಿಲ್ಲ, ನಿಂಬೆ ರುಚಿಯ ಸೋಡಾ ಬರುತ್ತದೆ. ಹೋಟೆಲಿನವರು ಒಂದು ತಟ್ಟೆ ತಿಂಡಿ ತಂದಿಟ್ಟು ‘ಸರ್ವಿಸ್’ ಎಂದರೆ ಅದು ಪುಕ್ಕಟೆ ಎಂದು ಅರ್ಥ. ನಮ್ಮ ಸಂತೆಯ ‘ಕೊಸರು’ ನೆನಪಿಸಿಕೊಳ್ಳಿ, ಅದೇ. ಬ್ರೆಡ್ಡಿಗೆ ಅವರು ‘ಪ್ಪಾಂಗ್’ ಎನ್ನುತ್ತಾರೆ. ಪೋರ್ಚುಗೀಸರ ಪದ ಜಪಾನಿನ ದಾರಿ ಹಿಡಿದು ಅಲ್ಲಿಗೆ ಹೋಯಿತು. ಅದೇ ಪದ ಗೋವಾದ ದಾರಿಯಲ್ಲಿ ನಮ್ಮ ಕಡೆ ‘ಪಾವ್’ ಆಯಿತು.

ಇವುಗಳನ್ನು ಕೆಟ್ಟ ಇಂಗ್ಲಿಷ್ ಎಂದು ಹೀಗಳೆಯುವವರನ್ನು ನಾನು ಒಪ್ಪುವುದಿಲ್ಲ. ‘ಹೋಟೆಲಿಗೆ ಹೋಗಿ ದೋಸೆ ತಿನ್ನೋಣ’ ಎನ್ನುವ ನಾವು, ‘ಕರೆಂಟ್ ಹೋಯಿತು’ ಎನ್ನುವ ನಾವು ಯಾವ ಮುಖದಿಂದ ಹೀಗಳೆಯುವುದು? ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು 2021ರಲ್ಲಿ ಕೊರಿಯನ್ ಮೂಲದ 26 ಪದಗಳನ್ನು ಒಮ್ಮೆಗೇ ಸೇರಿಸಿಕೊಂಡಿತು. ಅವುಗಳಲ್ಲಿ ಕೈ ಹಿಡಿದು, ತಬ್ಬಿ ತೋರುವ ಆತ್ಮೀಯತೆಗೆ ಹೇಳುವ ‘ಸ್ಕಿನ್‌ಶಿಪ್’ ಇದೆ, ‘ಗೆದ್ದು ಬಾ’ ಎಂದು ಹುರಿದುಂಬಿಸುವ ‘ಫೈಟಿಂಗ್’ ಇದೆ, ‘ಕೊಂಗ್ಲಿಷ್’ ಎಂಬ ಪದವೂ ಇದೆ. ಕಲಿಕಾರ್ಥಿಗೆ ಹೇಳಬೇಕಾದದ್ದು ಒಂದೇ: ಈ ಪದ ಸೋಲ್ ನಗರದಲ್ಲಿ ನಡೆಯುತ್ತದೆ, ಲಂಡನ್ನಿನಲ್ಲಿ ಬೇರೆ ಪದ ಬೇಕು.

ಇಷ್ಟು ಹೇಳಿದ ಮೇಲೆ ನಿಮ್ಮಲ್ಲಿ ಒಬ್ಬರಾದರೂ ಕೇಳಿಯೇ ಕೇಳುತ್ತೀರಿ: ಅವರೂ ‘ಅಪ್ಪಾ’ ಎನ್ನುತ್ತಾರಲ್ಲ, ಎರಡು ಭಾಷೆಗಳಿಗೂ ನೆಂಟಸ್ತಿಕೆ ಇದೆಯೇ? ಸ್ವಲ್ಪ ದಾರಿ ತಪ್ಪುತ್ತೇನೆ, ಆದರೆ ಈ ಕಥೆಯೂ ಇಂಗ್ಲಿಷ್ ಮೇಷ್ಟ್ರೊಬ್ಬರದೇ. 1886ರಲ್ಲಿ ಕೊರಿಯಾದ ಅರಸು ಸೋಲ್‌ನಲ್ಲಿ ತೆರೆದ ಶಾಲೆಗೆ ಇಂಗ್ಲಿಷ್ ಕಲಿಸಲು ಅಮೆರಿಕದಿಂದ ಹೋಮರ್ ಹಲ್ಬರ್ಟ್ ಎಂಬ ತರುಣ ಬಂದರು. ಕೊರಿಯನ್ ಕಲಿತರು, ಆ ಭಾಷೆಯನ್ನು ಮನಸಾರೆ ಪ್ರೀತಿಸಿದರು, ಮುಂದೆ ಕೊರಿಯಾದ ಸ್ವಾತಂತ್ರ್ಯದ ಪರವಾಗಿಯೂ ನಿಂತರು. 1905ರಲ್ಲಿ ಅವರು ಕೊರಿಯನ್ ವ್ಯಾಕರಣವನ್ನು ದ್ರಾವಿಡ ಭಾಷೆಗಳ ವ್ಯಾಕರಣದ ಜೊತೆ ಹೋಲಿಸಿ ಪುಸ್ತಕವನ್ನೇ ಬರೆದರು. ಎರಡೂ ಒಂದೇ ಕುಲದವು ಎಂಬ ವಾದವನ್ನು ಇಂದಿನ ಭಾಷಾವಿಜ್ಞಾನಿಗಳು ಒಪ್ಪುವುದಿಲ್ಲ. ಆದರೆ ಅವರ ಕಣ್ಣಿಗೆ ಬಿದ್ದ ಹೋಲಿಕೆ ಸುಳ್ಳಲ್ಲ. ಕ್ರಿಯಾಪದ ಕೊನೆಗೆ, ವಿಭಕ್ತಿ ನಾಮಪದದ ಬೆನ್ನಿಗೆ, ಪ್ರತ್ಯಯದ ಮೇಲೆ ಪ್ರತ್ಯಯ. ನೆಂಟರಲ್ಲದಿದ್ದರೂ ಒಂದೇ ಬಗೆಯ ಮನೆ ಕಟ್ಟಿಕೊಂಡವರು ನಾವು.

ಈಗ ಉಚ್ಚಾರಣೆಗೆ ಬರೋಣ. ಇಲ್ಲಿ ಹೆಚ್ಚು ಹೊತ್ತು ನಿಲ್ಲುತ್ತೇನೆ.

ದಯವಿಟ್ಟು ಎಲ್ಲರೂ ‘ಸ್ಟ್ರೈಕ್’ ಎನ್ನಿ, ಪದದ ಜೊತೆ ಚಪ್ಪಾಳೆ ತಟ್ಟಿ. ಒಂದೇ ಚಪ್ಪಾಳೆ ಬಂತು. ಕೊರಿಯನ್ನರು ಐದು ತಟ್ಟುತ್ತಾರೆ: ಸು, ತು, ರಾ, ಇ, ಕು. ಕ್ರಿಸ್‌ಮಸ್ಸಿಗೂ ಐದು: ಕು, ರಿ, ಸು, ಮಾ, ಸು. ಅವರ ಭಾಷೆಯಲ್ಲಿ ಪದದ ಮೊದಲಿಗೆ ಒತ್ತಕ್ಷರ ಬರುವುದಿಲ್ಲ. ಪದದ ಕೊನೆಗೆ ಕ, ತ, ಪ, ಮ, ನ, ಲ ಮತ್ತು ಙ ಎಂಬ ಏಳು ವ್ಯಂಜನಗಳಿಗೆ ಮಾತ್ರ ಜಾಗ. ‘ಸ್’ ಎಂದು ಪದ ಮುಗಿಸುವ ಹಾಗೇ ಇಲ್ಲ. ಹಾಗಾಗಿ ವ್ಯಂಜನದ ಬೆನ್ನಿಗೆ ಒಂದು ಸ್ವರ ತಾನಾಗಿಯೇ ಬಂದು ಕೂರುತ್ತದೆ. ನಾವೂ ಬಸ್ಸು, ಕಾರು, ರೋಡು ಎಂದು ಮಾಡಿಕೊಂಡವರೇ. ಆದರೆ ಅವರು ಸೇರಿಸುವ ಸ್ವರ ನಮ್ಮ ಉಕಾರದಂತೆ ತುಟಿ ದುಂಡಗಾಗಿಸುವುದಿಲ್ಲ. ತುಳುವರು, ಕೊಡವರು ಇಲ್ಲಿದ್ದರೆ ಅವರಿಗೆ ಅದು ಸಲೀಸು. ತುಳುವಿನಲ್ಲಿ ಪದದ ಕೊನೆಯಲ್ಲಿ ಮೆಲ್ಲನೆ ಬಂದು ಹೋಗುವ ಅರ್ಧ ಉಕಾರವಿದೆಯಲ್ಲ, ಹೆಚ್ಚುಕಡಿಮೆ ಅದೇ ಸ್ವರ.

ಇದನ್ನು ‘ಬೇಗ ಹೇಳಿ, ಬೇಗ ಹೇಳಿ’ ಎಂದು ಅವಸರಪಡಿಸಿ ಸರಿಪಡಿಸಲಾಗದು. ನಾನು ಹಿಂದಿನಿಂದ ಕಟ್ಟುತ್ತೇನೆ. ಸಾರಿಗೆ ಅವರ ಪದ ‘ಗುಕ್’, ಅದರಲ್ಲಿ ಕೊನೆಯ ಕಕಾರ ಬಾಯೊಳಗೇ ನಿಲ್ಲುತ್ತದೆ. ಮೊದಲು ಗುಕ್ ಎನ್ನಿಸಿ, ಅದೇ ನಿಲುಗಡೆಯಲ್ಲಿ ‘ರೈಕ್’ ಎನ್ನಿಸುತ್ತೇನೆ. ಆಮೇಲೆ ‘ಟ್ರೈಕ್’, ಆಮೇಲೆ ‘ಸ್ಟ್ರೈಕ್’. ಪ್ರತಿ ಸಲವೂ ಮೇಜಿನ ಮೇಲೆ ಒಂದೇ ಪೆಟ್ಟು.

ಈಗ ನನಗೆ ಅತ್ಯಂತ ಪ್ರಿಯವಾದ ಭಾಗ. ಅದೇ ಮಹಿಳೆ ಪ್ರತಿ ಬೆಳಿಗ್ಗೆ ನನಗೆ ‘ಗುನ್ ಮೊನಿಂಗ್’ ಎನ್ನುತ್ತಿದ್ದರು. ‘ಬಿಗ್ ಮ್ಯಾನ್’ ಎನ್ನುವ ಕಡೆ ‘ಬಿಙ್ ಮ್ಯಾನ್’, ‘ಪಾಪ್ ಮ್ಯೂಸಿಕ್’ ಎನ್ನುವ ಕಡೆ ‘ಪಾಮ್ ಮ್ಯೂಸಿಕ್’. ಮೂಗು ಕಟ್ಟಿದೆಯೇನೋ ಎಂದು ಮೊದಮೊದಲು ಅಂದುಕೊಂಡಿದ್ದೆ. ಒಂದು ದಿನ ಅವರು ಅಡುಗೆಯ ಮಾತಾಡುತ್ತಾ ‘ಗುಂಗ್‌ಮುಲ್’ ಎಂದರು, ಅಂದರೆ ಸಾರಿನ ತಿಳಿ. ಹೇಗೆ ಬರೆಯುತ್ತೀರಿ ಎಂದು ಕೇಳಿದೆ. ಬರೆದು ತೋರಿಸಿದರು: ಗುಕ್, ಮುಲ್. ಮುಲ್ ಎಂದರೆ ನೀರು. ಬರೆಯುವಾಗ ಕಕಾರ, ಓದುವಾಗ ಙಕಾರ.

ಆ ಕ್ಷಣ ನನಗೆ ಹೈಸ್ಕೂಲಿನ ಕನ್ನಡ ವ್ಯಾಕರಣದ ಪುಸ್ತಕ ಕಣ್ಣ ಮುಂದೆ ಬಂತು. ವಾಕ್ ಮತ್ತು ಮಯ ಸೇರಿದರೆ ವಾಙ್ಮಯ. ಸತ್ ಮತ್ತು ಮಾನ ಸೇರಿದರೆ ಸನ್ಮಾನ. ಅನುನಾಸಿಕ ಸಂಧಿ! ಮುಂದೆ ಅನುನಾಸಿಕ ಬಂದರೆ ಹಿಂದಿನ ಕಕಾರ ಙಕಾರವಾಗುತ್ತದೆ, ತಕಾರ ನಕಾರವಾಗುತ್ತದೆ. ನಮಗೆ ಅದು ಸಂಸ್ಕೃತದಿಂದ ಬಂದ ಪದಗಳಲ್ಲಿ ಮಾತ್ರ ಉಳಿದಿರುವ, ಪರೀಕ್ಷೆಗೆಂದು ಕಲಿತ ನಿಯಮ. ಕೊರಿಯನ್ನರ ಬಾಯಲ್ಲಿ ಅದು ಇಂದಿಗೂ ಜೀವಂತ, ಪ್ರತಿ ವಾಕ್ಯದಲ್ಲೂ ನಡೆಯುತ್ತದೆ. ಗುಡ್ ಮತ್ತು ಮಾರ್ನಿಂಗ್ ಸೇರಿದಾಗ ‘ಗುನ್ ಮೊನಿಂಗ್’ ಆಗಲೇಬೇಕು, ಸನ್ಮಾನ ಆದ ಹಾಗೆ. ಇನ್ನೊಂದು ಸಂಧಿಯೂ ಅವರಲ್ಲಿದೆ. ನಕಾರ ಮತ್ತು ಅವರ ರಕಾರ-ಲಕಾರ ಎದುರಾದರೆ ಎರಡೂ ಲಕಾರವಾಗುತ್ತವೆ. ಅವರ ಪುರಾತನ ರಾಜ್ಯ ‘ಸಿಲ್ಲಾ’ವನ್ನು ಬರೆಯುವುದು ಸಿನ್, ರಾ ಎಂದು. ಹಾಗಾಗಿ ‘ಓನ್ಲಿ’ ಎಂಬುದು ‘ಒಲ್ಲಿ’ ಆಗುತ್ತದೆ, ಹೆನ್ರಿ ಎಂಬಾತ ಹೆಲ್ಲಿ ಆಗುತ್ತಾನೆ.

ಗಮನಿಸಿ, ಅವರಿಗೆ ಈ ಬದಲಾವಣೆ ಕೇಳಿಸುವುದೇ ಇಲ್ಲ. ‘ಗುನ್ ಎನ್ನಬೇಡಿ’ ಎಂದರೆ ‘ನಾನು ಗುಡ್ ಎಂದೇ ಹೇಳಿದ್ದು’ ಎನ್ನುತ್ತಾರೆ, ಪ್ರಾಮಾಣಿಕವಾಗಿ. ಮೊಬೈಲಿನಲ್ಲಿ ಧ್ವನಿಮುದ್ರಿಸಿ ಕೇಳಿಸಬೇಕು. ಗುಂಗ್‌ಮುಲ್ ಉದಾಹರಣೆಯನ್ನು ಮುಂದಿಡಬೇಕು. ನಿಮ್ಮ ಭಾಷೆಯ ಸಂಧಿ ಇಂಗ್ಲಿಷಿನಲ್ಲಿ ಹೀಗೆ ನಡೆಯುವುದಿಲ್ಲ ಎಂದರೆ ಸಾಕು, ಒಮ್ಮೆಗೇ ಹತ್ತಾರು ಪದಗಳು ಸರಿಯಾಗುತ್ತವೆ.

ಇನ್ನು ಕೊರಿಯನ್ನಿನಲ್ಲಿ ಇಲ್ಲದ ಧ್ವನಿಗಳು. ‘ಫ’ ಇಲ್ಲ, ಆದ್ದರಿಂದ ಕಾಫಿ ‘ಕೊಪಿ’. ನಮ್ಮ ಹಳ್ಳಿಗಳ ಕಾಪಿ, ಪೋನು ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ. ಝೀರೊ ‘ಜೆರೊ’ ಆಗುತ್ತದೆ, ವಿಟಮಿನ್ ‘ಬಿತಾಮಿನ್’ ಆಗುತ್ತದೆ. ಕನ್ನಡಿ ಕೊಟ್ಟು, ಮೇಲಿನ ಹಲ್ಲು ಕೆಳತುಟಿಗೆ ತಾಗುವುದನ್ನು ಅವರೇ ನೋಡಿಕೊಳ್ಳುವಂತೆ ಮಾಡಿದರೆ ‘ಫ’ ಒಂದು ವಾರದಲ್ಲಿ ಬರುತ್ತದೆ.

ರಕಾರ, ಲಕಾರ ಒಂದು ವಾರದ ಮಾತಲ್ಲ. ಎರಡೂ ಧ್ವನಿಗಳು ಕೊರಿಯನ್ನರ ಬಾಯಲ್ಲಿವೆ, ಆದರೆ ಅಕ್ಷರ ಒಂದೇ. ಸ್ವರಗಳ ನಡುವೆ ಅದು ರಕಾರ, ಕೊನೆಯಲ್ಲಿ ಲಕಾರ, ಜೋಡಿಯಾಗಿ ಬಂದರೆ ಲ್ಲ. ರೈಸ್ ಮತ್ತು ಲೈಸ್ ಅವರಿಗೆ ಒಂದೇ ಪದದಂತೆ ಕೇಳುತ್ತವೆ, ಒಂದು ಅನ್ನ, ಇನ್ನೊಂದು ಹೇನು. ಇದಕ್ಕೆ ನೂರು ವರ್ಷಕ್ಕೂ ಹಿಂದೆ ಒಬ್ಬ ವೈದ್ಯರು ಕಂಡುಕೊಂಡ ಉಪಾಯ ಇಂದಿಗೂ ಕೆಲಸಕ್ಕೆ ಬರುತ್ತದೆ. ಚಿ ಸೊಕ್ ಯೊಂಗ್ ಎಂದು ಅವರ ಹೆಸರು. ಕೊರಿಯಾದಲ್ಲಿ ಸಿಡುಬಿನ ಲಸಿಕೆಯನ್ನು ಹರಡಿದವರು. 1908ರಲ್ಲಿ ಅವರು ಮಕ್ಕಳಿಗೆ ಚೀನೀ ಅಕ್ಷರ ಕಲಿಸುವ ಹಳೆಯದೊಂದು ಪುಸ್ತಕಕ್ಕೆ ಇಂಗ್ಲಿಷ್ ಪದಗಳನ್ನೂ ಸೇರಿಸಿ, ಉಚ್ಚಾರಣೆಯನ್ನು ಕೊರಿಯನ್ ಲಿಪಿಯಲ್ಲಿ ಕೊಟ್ಟು ಹೊರತಂದರು. ಅದರಲ್ಲಿ ರೈಸ್ ಪದದ ಹಿಂದೆ ಆ ಅರ್ಧ ಉಕಾರವನ್ನು ಇಟ್ಟು ‘ಉರೈಸ್’ ಎಂಬಂತೆ ಬರೆದರು, ಲರ್ನ್ ಪದದ ಹಿಂದೆ ‘ಉಲ್’ ಇಟ್ಟು ‘ಉಲ್ಲರ್ನ್’ ಎಂಬಂತೆ ಬರೆದರು. ಒಂದರಲ್ಲಿ ನಾಲಗೆ ಎಲ್ಲೂ ತಾಗದೆ ಹೊರಡುತ್ತದೆ, ಇನ್ನೊಂದರಲ್ಲಿ ಹಲ್ಲಿನ ಹಿಂದೆ ಅಂಟಿಕೊಂಡು ಹೊರಡುತ್ತದೆ. ನಾನು ಇದನ್ನೇ ಬಳಸುತ್ತೇನೆ: ಮೊದಲು ‘ಉಲ್’ ಎಂದು ನಿಲ್ಲಿ, ನಾಲಗೆ ತೆಗೆಯಬೇಡಿ, ಅಲ್ಲಿಂದಲೇ ‘ಲೈಟ್’ ಎನ್ನಿ.

ಒಂದು ವಿಷಯದಲ್ಲಿ ನಾವೇ ಎಚ್ಚರವಾಗಿರಬೇಕು. ಒಮ್ಮೆ ನಾನು ವೆಸ್ಟ್ ಎಂಬ ಎರಡು ಪದಗಳನ್ನು ಹೇಳಿಕೊಡುತ್ತಿದ್ದೆ. ಒಂದು ಪಶ್ಚಿಮ, ಇನ್ನೊಂದು ಒಳ ಅಂಗಿ. ಅವರು ತಾಳ್ಮೆಯಿಂದ ಮೂರು ಸಲ ಕೇಳಿ, ‘ಟೀಚರ್, ಈಗ ಹೇಳಿದ್ದು ಯಾವುದು?’ ಎಂದರು. ನನ್ನ ಬಾಯಲ್ಲಿ ಎರಡೂ ಒಂದೇ ‘ವ’ ಆಗಿದ್ದವು. ಕನ್ನಡದಲ್ಲಿ ಇರುವುದು ಒಂದೇ ವಕಾರ ತಾನೆ? ಕೊರಿಯನ್ನರಿಗೆ ತುಟಿ ದುಂಡಾಗಿಸುವ ವಕಾರ ಚೆನ್ನಾಗಿ ಬರುತ್ತದೆ, ಹಲ್ಲು ತಾಗಿಸುವುದು ಬರುವುದಿಲ್ಲ. ಅಂದು ನಾವಿಬ್ಬರೂ ಒಂದೇ ಕನ್ನಡಿಯ ಮುಂದೆ ಕುಳಿತು ಅಭ್ಯಾಸ ಮಾಡಿದೆವು.

ವ್ಯಾಕರಣದಲ್ಲಿ ‘ಎ’ ಮತ್ತು ‘ದಿ’ಗಳ ಬಗ್ಗೆ ಮಾತ್ರ ಹೇಳುತ್ತೇನೆ, ಅದೇ ದೊಡ್ಡ ಕಂಟಕ. ಅವರಿಗೂ ಇಲ್ಲ, ನಮಗೂ ಇಲ್ಲ. ಆದರೆ ನಮ್ಮ ಅಜ್ಜಿ ಕಥೆ ಹೇಳುವಾಗ ‘ಒಬ್ಬ ರಾಜ ಇದ್ದ’ ಎಂದು ಶುರುಮಾಡಿ, ಆಮೇಲೆ ಬರೀ ‘ರಾಜ’ ಅಥವಾ ‘ಆ ರಾಜ’ ಎನ್ನುತ್ತಾಳೆ. ಕೊರಿಯನ್ ಅಜ್ಜಿ ಇದೇ ಕೆಲಸವನ್ನು ಪ್ರತ್ಯಯದಿಂದ ಮಾಡುತ್ತಾಳೆ. ರಾಜನಿಗೆ ಅವರ ಪದ ‘ವಾಂಗ್’. ರಾಜ ಮೊದಲ ಸಲ ಕಥೆಯೊಳಗೆ ಕಾಲಿಟ್ಟಾಗ ‘ವಾಂಗ್-ಇ’, ಕೇಳುಗರಿಗೆ ಪರಿಚಯವಾದ ಮೇಲೆ ‘ವಾಂಗ್-ಉನ್’. ‘ಇ’ ಹಾಕಬೇಕೆನಿಸಿದ ಕಡೆ ‘ಎ’ ಹಾಕಿ ನೋಡಿ, ‘ಉನ್’ ಹಾಕಬೇಕೆನಿಸಿದ ಕಡೆ ‘ದಿ’ ಹಾಕಿ ನೋಡಿ ಎಂದು ಹೇಳುತ್ತೇನೆ. ಕರ್ತೃಪದಕ್ಕಷ್ಟೇ ಒಗ್ಗುವ ಉಪಾಯ, ಎಲ್ಲ ಕಡೆಯೂ ನಡೆಯುವುದಿಲ್ಲ. ಆದರೂ ನಲವತ್ತು ನಿಯಮಗಳ ಪಟ್ಟಿಗಿಂತ ಮೇಲು, ಏಕೆಂದರೆ ಆ ಅರಿವು ಅವರೊಳಗೆ ಆಗಲೇ ಇದೆ.

ಇಷ್ಟೆಲ್ಲ ಅರಿವಿದ್ದವರು ಮಾತನಾಡಲು ಏಕೆ ಹಿಂಜರಿಯುತ್ತಾರೆ? ದಕ್ಷಿಣ ಕೊರಿಯಾದಲ್ಲಿ 1997ರಿಂದ ಮೂರನೆಯ ತರಗತಿಗೇ ಇಂಗ್ಲಿಷ್ ಶುರು. ನವೆಂಬರಿನಲ್ಲಿ ಕಾಲೇಜು ಪ್ರವೇಶದ ‘ಸುನುಂಗ್’ ಪರೀಕ್ಷೆ ನಡೆಯುತ್ತದೆ. ಇಂಗ್ಲಿಷ್ ಆಲಿಸುವ ಭಾಗಕ್ಕೆಂದು 35 ನಿಮಿಷ ದೇಶದಾದ್ಯಂತ ವಿಮಾನಗಳು ಏರುವುದಿಲ್ಲ, ಇಳಿಯುವುದಿಲ್ಲ. ಒಂದು ದೇಶವೇ ಉಸಿರು ಬಿಗಿಹಿಡಿದು ತನ್ನ ಮಕ್ಕಳಿಗೆ ಇಂಗ್ಲಿಷ್ ಕೇಳಿಸುತ್ತದೆ. ನನಗೆ ಅದು ಮನಸ್ಸು ತುಂಬುವ ಚಿತ್ರ. ಆದರೆ ಆ ಪರೀಕ್ಷೆಯಲ್ಲಿ 45 ಪ್ರಶ್ನೆಗಳಿದ್ದರೂ ಬಾಯಿ ತೆರೆದು ಉತ್ತರಿಸುವ ಪ್ರಶ್ನೆ ಒಂದೂ ಇಲ್ಲ. ಕಠಿಣ ಗದ್ಯವನ್ನು ಓದಿ ಅರ್ಥಮಾಡಿಕೊಳ್ಳಬಲ್ಲವರು ತರಕಾರಿ ಅಂಗಡಿಯಲ್ಲಿ ಬೆರಳು ತೋರಿಸಿ ಸುಮ್ಮನಾಗುವುದು ಇದರಿಂದಲೇ. ತಪ್ಪು ಮಾಡಿದರೆ ಅಂಕ ಹೋಗುತ್ತದೆ ಎಂಬ ಹೆದರಿಕೆ ಬಾಲ್ಯದಿಂದಲೇ ಬೇರೂರಿರುತ್ತದೆ.

ಆ ಹೆದರಿಕೆ ಇಳಿಸಲು ನಾನು ಮಾಡಿದ್ದು ಇಷ್ಟು: ಪ್ರತಿ ತರಗತಿಯ ಮೊದಲ ಐದು ನಿಮಿಷ ಅವರು ಟೀಚರ್, ನಾನು ವಿದ್ಯಾರ್ಥಿ. ಅವರು ಒಂದು ಹಾಳೆಯಲ್ಲಿ ಬೆಂಕಿ, ಕೊಂಬು, ಹುಲ್ಲು ಎಂದು ಮೂರು ಚಿತ್ರ ಬರೆದು ತಂದರು. ಅವರ ಭಾಷೆಯಲ್ಲಿ ಮೂರೂ ನನಗೆ ‘ಪುಲ್’ ಎಂದೇ ಕೇಳಿಸಿದವು. ಕೊಂಬಿನದು ನಮ್ಮ ಪಕಾರವೇ, ಬಿಗಿಯಾಗಿ. ಹುಲ್ಲಿನದು ಉಸಿರು ತುಂಬಿದ ಮಹಾಪ್ರಾಣ. ಬೆಂಕಿಯದು ಎರಡೂ ಅಲ್ಲ, ಪಕಾರಕ್ಕೂ ಬಕಾರಕ್ಕೂ ನಡುವಿನ ಸಡಿಲ ಧ್ವನಿ. ದಕ್ಷಿಣ ಕೊರಿಯಾದ ಒಂದು ಬಂದರು ನಗರವನ್ನು ಬಹುಕಾಲ ಪುಸಾನ್ ಎಂದು ಬರೆದು, 2000ದಲ್ಲಿ ರೋಮನ್ ಅಕ್ಷರಗಳ ಪದ್ಧತಿ ಬದಲಾದ ಮೇಲೆ ಬುಸಾನ್ ಎಂದು ಬರೆಯತೊಡಗಿದ್ದು, ಅಲ್ಲಿನ ಚಲನಚಿತ್ರೋತ್ಸವ 2011ರವರೆಗೂ ಹಳೆಯ ಪಕಾರವನ್ನೇ ಇಟ್ಟುಕೊಂಡಿದ್ದು ಈ ಧ್ವನಿಯ ಕಾರಣದಿಂದಲೇ.

ಅವರು ನನ್ನ ಬಾಯಿಯ ಮುಂದೆ ತೆಳುವಾದ ಕಾಗದದ ಚೂರು ಹಿಡಿದರು. ಹುಲ್ಲಿಗೆ ಕಾಗದ ಹಾರಿತು, ಕೊಂಬಿಗೆ ಅಲುಗಲಿಲ್ಲ. ಬೆಂಕಿ ಮಾತ್ರ ಬರಲಿಲ್ಲ. ‘ಟೀಚರ್, ಲೋ, ಲೋ’ ಎನ್ನುತ್ತಾ ಅಂಗೈಯನ್ನು ಕೆಳಗಿಳಿಸಿ, ದನಿಯನ್ನು ತಗ್ಗಿಸಬೇಕೆಂದು ತೋರಿಸಿದರು. ಏಳೆಂಟು ಸಲ ಹೇಳಿಸಿದರು. ಕೊನೆಗೊಮ್ಮೆ ಸರಿಯಾಗಿ ಬಂದಾಗ, ಅದುವರೆಗೆ ಒಂದು ಚಿಕ್ಕ ವಾಕ್ಯಕ್ಕಿಂತ ಹೆಚ್ಚು ಒಟ್ಟಿಗೆ ಆಡದಿದ್ದ ಅವರು ಒಂದೇ ಉಸಿರಿಗೆ, ‘ನಿನ್ನೆ ನನ್ನ ಮಗಳಿಗೆ ಹೇಳಿದೆ, ನನ್ನ ಟೀಚರಿಗೂ ಕಷ್ಟವಾಗುತ್ತದೆ, ಅವರೂ ಕಲಿಯುತ್ತಿದ್ದಾರೆ’ ಎಂದು ಇಂಗ್ಲಿಷಿನಲ್ಲಿ ಹೇಳಿದರು. ‘ಎ’ ಇರಲಿಲ್ಲ, ‘ದಿ’ ಇರಲಿಲ್ಲ, ‘ಲರ್ನ್’ ಎಂಬುದು ‘ರನ್’ ಆಗಿತ್ತು. ನಾನು ಅಂದು ಒಂದನ್ನೂ ತಿದ್ದಲಿಲ್ಲ. ಮಗಳು ಏನೆಂದಳು ಎಂದು ಕೇಳಿದೆ.